ಮಗು ಜೋರಾಗಿ ಅತ್ತರೆ ಪಾರ್ಶ್ವವಾಯು ಬರುತ್ತದೆಯೇ? ಮೊಯಮೊಯ ಕಾಯಿಲೆಯ ನಿಜವಾದ ಕಾರಣಗಳೇನು?

ಜೋರಾಗಿ ಅತ್ತ ಮಗುವಿನ ಒಂದು ಕೈ ಸೋಲುತ್ತದೆ, ಮಾತು ತೊದಲುತ್ತದೆ. ಕೆಲವೇ ನಿಮಿಷಗಳಲ್ಲಿ ಎಲ್ಲವೂ ಸರಿಹೋಗುತ್ತದೆ. ಹಟ, ನಾಟಕ ಅಥವಾ ದೃಷ್ಟಿ ಎಂದುಕೊಂಡು ಮನೆಯವರು ಸುಮ್ಮನಾಗುವುದುಂಟು. ಆದರೆ ಇದು ಮಿದುಳಿನ ರಕ್ತನಾಳಗಳ ಅಪರೂಪದ ಕಾಯಿಲೆಯಾದ ಮೊಯಮೊಯದ ಸೂಚನೆಯೂ ಆಗಿರಬಹುದು.

ಏನಿದು ಮೊಯಮೊಯ?

ಕುತ್ತಿಗೆಯ ಎರಡೂ ಬದಿಯಿಂದ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳು ತಲೆಬುರುಡೆಯ ತಳದಲ್ಲಿ ವರ್ಷಗಳ ಕಾಲ ನಿಧಾನವಾಗಿ ಕಿರಿದಾಗುತ್ತವೆ. ಆ ಕೊರತೆ ತುಂಬಲು ಕೂದಲೆಳೆಯಂಥ ನಾಳಗಳು ಹುಟ್ಟಿಕೊಳ್ಳುತ್ತವೆ. ಆಂಜಿಯೋಗ್ರಾಂನಲ್ಲಿ ಇವು ಹೊಗೆಯಂತೆ ಕಾಣುತ್ತವೆ. ಅದನ್ನೇ ಸೂಚಿಸುವ ಜಪಾನಿ ಪದವನ್ನು ಸುಜುಕಿ ಮತ್ತು ತಾಕಾಕು ಎಂಬ ವೈದ್ಯರು 1969ರಲ್ಲಿ ಕಾಯಿಲೆಯ ಹೆಸರಾಗಿ ಬಳಸಿದರು. ರಕ್ತ ಸಾಲದಿದ್ದರೆ ಪಾರ್ಶ್ವವಾಯು ಆಗುತ್ತದೆ. ದುರ್ಬಲವಾದ ಈ ಎಳೆನಾಳ ಒಡೆದರೆ ಮಿದುಳಿನಲ್ಲಿ ರಕ್ತಸ್ರಾವವಾಗುತ್ತದೆ.

ಕೊಲೆಸ್ಟ್ರಾಲ್ ಕಾರಣವೇ?

ಅಲ್ಲ. ಇಲ್ಲಿ ನಾಳದ ಒಳಗೆ ಕೊಬ್ಬು ಕಟ್ಟಿಕೊಳ್ಳುವುದಿಲ್ಲ. ನಾಳದ ಒಳಪದರವೇ ದಪ್ಪವಾಗುತ್ತದೆ. ಹಾಗಾಗಿಯೇ ಐದಾರು ವರ್ಷದ ಮಕ್ಕಳಲ್ಲೂ ಇದು ಕಾಣಿಸಿಕೊಳ್ಳುತ್ತದೆ.

ಹಾಗಾದರೆ ಕಾರಣವೇನು?

ಮುಖ್ಯ ಸುಳಿವು ಸಿಕ್ಕಿದ್ದು 2011ರಲ್ಲಿ. ಜಪಾನಿನ ಸಂಶೋಧಕರು ಆರ್‌ಎನ್‌ಎಫ್213 ಎಂಬ ವಂಶವಾಹಿಯಲ್ಲಿನ ಒಂದು ಬದಲಾವಣೆಗೂ ಈ ಕಾಯಿಲೆಗೂ ನಂಟಿರುವುದನ್ನು ಗುರುತಿಸಿದರು. ಜಪಾನ್, ಕೊರಿಯಾದ ಹೆಚ್ಚಿನ ರೋಗಿಗಳಲ್ಲಿ ಈ ಬದಲಾವಣೆ ಇದೆ. ಆದರೆ ಅದನ್ನು ಹೊತ್ತ ಬಹುತೇಕರಿಗೆ ಕಾಯಿಲೆ ಬರುವುದೇ ಇಲ್ಲ. ಅಂದರೆ ವಂಶವಾಹಿಯೊಂದೇ ಸಾಲದು, ಬೇರೆ ಅಂಶಗಳೂ ಕೂಡಬೇಕು.

ಡೌನ್ ಸಿಂಡ್ರೋಮ್, ಸಿಕಲ್ ಸೆಲ್ ಅನೀಮಿಯಾ, ನ್ಯೂರೋಫೈಬ್ರೊಮಾಟೋಸಿಸ್ ಇರುವವರಲ್ಲಿ ಮತ್ತು ತಲೆಗೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಇದೇ ರೀತಿ ನಾಳಗಳು ಕಿರಿದಾಗಬಹುದು. ಅದನ್ನು ಮೊಯಮೊಯ ಸಿಂಡ್ರೋಮ್ ಎನ್ನುತ್ತಾರೆ.

ಅಳುವಿಗೂ ಇದಕ್ಕೂ ಏನು ಸಂಬಂಧ?

ಅಳುವಾಗ, ಬಿಸಿ ತಿಂಡಿಯನ್ನು ಊದುವಾಗ ಉಸಿರಾಟ ವೇಗವಾಗಿ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಆಗ ಮಿದುಳಿನ ನಾಳಗಳು ಸಂಕುಚಿತಗೊಳ್ಳುತ್ತವೆ. ಆರೋಗ್ಯವಂತ ಮಗುವಿಗೆ ಇದರಿಂದ ತೊಂದರೆಯಿಲ್ಲ. ಮೊದಲೇ ನಾಳ ಕಿರಿದಾಗಿರುವ ಮಗುವಿಗೆ ಮಾತ್ರ ಆ ಕ್ಷಣ ರಕ್ತ ಸಾಲದೇ ಹೋಗುತ್ತದೆ. ಅಳು ಕಾಯಿಲೆಯನ್ನು ಹುಟ್ಟಿಸುವುದಿಲ್ಲ, ಇರುವ ಕಾಯಿಲೆಯನ್ನು ಹೊರಗೆ ತೋರಿಸುತ್ತದೆ. ಮಗುವನ್ನು ಅಳಿಸಿದ್ದಕ್ಕೇ ಹೀಗಾಯಿತು ಎಂದು ತಾಯಿಯನ್ನು ದೂರುವುದರಲ್ಲಿ ಅರ್ಥವಿಲ್ಲ.

ಏನು ಮಾಡಬೇಕು?

ಕಿರಿದಾದ ನಾಳವನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ಆದರೆ ನೆತ್ತಿಯ ಚರ್ಮಕ್ಕೆ ರಕ್ತ ಒಯ್ಯುವ ನಾಳವನ್ನು ಮಿದುಳಿನ ನಾಳಕ್ಕೆ ಜೋಡಿಸುವ ಬೈಪಾಸ್ ಶಸ್ತ್ರಚಿಕಿತ್ಸೆಯಿಂದ ಮುಂದಿನ ಪಾರ್ಶ್ವವಾಯುವಿನ ಅಪಾಯ ಕಡಿಮೆಯಾಗುತ್ತದೆ. ಮಿದುಳಿಗೆ ಹಾನಿಯಾಗುವ ಮುನ್ನ ಕಾಯಿಲೆ ಪತ್ತೆಯಾದಷ್ಟೂ ಒಳ್ಳೆಯದು.

ಮುಖ ಸೊಟ್ಟಗಾದರೆ, ಕೈಕಾಲು ಸೋತರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಅಷ್ಟರಲ್ಲಿ ಸರಿಹೋದರೂ ಅದೇ ದಿನ ಆಸ್ಪತ್ರೆಗೆ ಹೋಗಿ, ಏನಾಗಿತ್ತು ಎಂಬುದನ್ನು ವೈದ್ಯರಿಗೆ ವಿವರವಾಗಿ ಹೇಳಿ.