ಬೆಕ್ಕಿನ ಡ್ರಿಪ್ ಬಾಟಲಿಗೆ 190 ವರ್ಷದ ಕತೆ

ಇವತ್ತು ನಾನು ಹೇಳೋಕೆ ಹೊರಟಿರೋದು ಒಂದು ಬಾಟಲಿಯ ಕತೆ. ವಯಸ್ಸಾದ ಬೆಕ್ಕಿಗೆ ಕಿಡ್ನಿ ತೊಂದರೆ ಅಂತ ಗೊತ್ತಾದಾಗ ಡಾಕ್ಟರು ಬರೆದುಕೊಡ್ತಾರಲ್ಲ, ರಿಂಗರ್ ಲ್ಯಾಕ್ಟೇಟ್, ಅದೇ ಆರ್‌ಎಲ್ ಬಾಟಲಿ. ಮನೇಲೇ ಕಿಟಕಿ ಸರಳಿಗೆ ನೇತುಹಾಕಿ, ಬೆಕ್ಕಿನ ಹೆಗಲ ಮಧ್ಯದ ಸಡಿಲ ಚರ್ಮ ಎತ್ತಿ, ಸೂಜಿ ಚುಚ್ಚಿ ನೀರು ಬಿಡೋದು. ಇದರ ಬೇರು ಇರೋದು ಕಾಲರಾದಲ್ಲಿ.

1831ರಲ್ಲಿ ಬ್ರಿಟನ್‌ಗೆ ಕಾಲರಾ ಬಂತು. ಆಗಿನ ವೈದ್ಯರು ರೋಗಿಯ ಮೈಯಿಂದ ಇನ್ನಷ್ಟು ರಕ್ತ ತೆಗೀತಿದ್ರು! ವಿಲಿಯಂ ಓಶಾನೆಸಿ ಅನ್ನೋ 22ರ ಹರೆಯದ ಐರಿಷ್ ವೈದ್ಯ ಆ ರಕ್ತವನ್ನ ಪರೀಕ್ಷಿಸಿ, ಕಳೆದುಹೋಗಿರೋದು ನೀರು ಮತ್ತು ಲವಣ ಅಂತ ತೋರಿಸಿದ. ಮುಂದೆ ಕಲ್ಕತ್ತಾಗೆ ಬಂದು ಭಾರತದಲ್ಲಿ ಟೆಲಿಗ್ರಾಫ್ ತಂತಿ ಎಳೆಸಿದವನೂ ಇವನೇ.

ಮರುವರ್ಷ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಥಾಮಸ್ ಲ್ಯಾಟಾ, ಸಾಯೋ ಸ್ಥಿತಿಯಲ್ಲಿದ್ದ ಒಬ್ಬ ಮುದುಕಿಯ ರಕ್ತನಾಳಕ್ಕೆ ಉಪ್ಪುನೀರು ಹರಿಸಿದ. ತಣ್ಣಗಾಗಿದ್ದ ಮೈ ಬೆಚ್ಚಗಾಯ್ತು, ಆಕೆ ಮಾತಾಡಿದಳು. ಲ್ಯಾಟಾ ನೆಮ್ಮದಿಯಿಂದ ಹೊರಟ. ಭೇದಿ ಮತ್ತೆ ಶುರುವಾಯ್ತು, ಮತ್ತೆ ಯಾರೂ ನೀರು ಕೊಡಲಿಲ್ಲ. ಕೆಲವೇ ಗಂಟೆಗಳಲ್ಲಿ ಆಕೆ ತೀರಿಕೊಂಡಳು. ಈ ಸಂಗತಿ ನೆನಪಿಟ್ಟುಕೊಳ್ಳಿ, ಬೆಕ್ಕಿನ ವಿಷಯಕ್ಕೆ ಬಂದಾಗ ಬೇಕಾಗುತ್ತೆ.

1865ರ ಕಾಲರಾದಲ್ಲಿ ಇಟಲಿಯ ಅರ್ನಾಲ್ಡೊ ಕಾಂತಾನಿ ರಕ್ತನಾಳದ ಬದಲು ಚರ್ಮದ ಅಡಿಗೆ ದ್ರವ ಕೊಟ್ಟ. ದೇಹ ಅದನ್ನ ನಿಧಾನವಾಗಿ ಹೀರಿಕೊಳ್ಳುತ್ತೆ. 1880ರ ದಶಕದಲ್ಲಿ ಲಂಡನ್ನಿನ ಸಿಡ್ನಿ ರಿಂಗರ್, ಕಪ್ಪೆಯ ಹೃದಯ ಬಡಿಯುತ್ತಾ ಇರೋಕೆ ಯಾವ ಲವಣ ಎಷ್ಟು ಬೇಕು ಅಂತ ಕಂಡುಕೊಂಡ. 1930ರ ದಶಕದಲ್ಲಿ ಅಮೆರಿಕದ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್ ಅದಕ್ಕೆ ಲ್ಯಾಕ್ಟೇಟ್ ಸೇರಿಸಿದ. ಆರ್‌ಎಲ್ ಹುಟ್ಟಿದ್ದು ಹೀಗೆ.

ಆಮೇಲೆ ಮನುಷ್ಯರಿಗೆ ರಕ್ತನಾಳದ ಡ್ರಿಪ್ ಸುಲಭವಾಯ್ತು, ಚರ್ಮದಡಿಯ ದಾರಿ ಹಿಂದೆ ಸರೀತು. ನಿಧಾನ ಅನ್ನೋದೇ ಅದರ ಕೊರತೆ. ಆದ್ರೆ ಬೆಕ್ಕಿಗೆ ಆ ನಿಧಾನವೇ ವರ. ಚರ್ಮ ಸಡಿಲ, ರಕ್ತನಾಳ ಹುಡುಕೋ ಕಷ್ಟ ಇಲ್ಲ. ಕೆಲವು ನಿಮಿಷದಲ್ಲಿ ಕೆಲಸ ಮುಗೀತದೆ. ಚರ್ಮದಡಿ ಎದ್ದ ಉಬ್ಬು ಕೆಲವು ಗಂಟೆಗಳಲ್ಲಿ ತಾನೇ ಕರಗುತ್ತೆ.

ಕಿಡ್ನಿ ಸೋತ ಬೆಕ್ಕು ಮೂತ್ರವನ್ನ ಗಟ್ಟಿ ಮಾಡಲಾರದು. ಎಷ್ಟು ಕುಡಿದರೂ ನೀರು ಹೊರಗೇ ಹೋಗುತ್ತೆ. ಮೈ ಒಣಗಿ ಹಸಿವು ಸಾಯುತ್ತೆ, ಮಲಬದ್ಧತೆ ಬರುತ್ತೆ. ಡ್ರಿಪ್ ಕಿಡ್ನಿಯನ್ನ ರಿಪೇರಿ ಮಾಡಲ್ಲ, ಕಳೆದ ನೀರನ್ನ ತುಂಬುತ್ತೆ ಅಷ್ಟೇ. ಲೀತ್‌ನ ಆ ಮುದುಕಿಯ ಪಾಠವೂ ಇದೇ: ಒಂದು ಸಲ ಚೇತರಿಸಿಕೊಂಡರೆ ಸಾಲದು, ಕಳೆದದ್ದನ್ನ ಮತ್ತೆ ಮತ್ತೆ ತುಂಬಬೇಕು. ದಿನಾ ಆಸ್ಪತ್ರೆಗೆ ಹೊತ್ತೊಯ್ದರೆ ಬೆಕ್ಕು ಹೆದರಿ ಸೊರಗುತ್ತೆ. ಅದಕ್ಕೇ ಬಾಟಲಿ ಮನೆಗೆ ಬಂತು.

ಒಂದೆರಡು ಎಚ್ಚರಿಕೆ. ಸಾಮಾನ್ಯವಾಗಿ ಒಂದು ಸಲಕ್ಕೆ 100ರಿಂದ 150 ಎಂಎಲ್ ಹೇಳ್ತಾರೆ, ಆದ್ರೆ ನಿಮ್ಮ ಬೆಕ್ಕಿಗೆ ಎಷ್ಟು, ವಾರಕ್ಕೆ ಎಷ್ಟು ಸಲ ಅನ್ನೋದನ್ನ ಡಾಕ್ಟರೇ ಹೇಳಬೇಕು. ಹೃದಯದ ತೊಂದರೆ ಇದ್ರೆ ಹೆಚ್ಚಾದ ನೀರು ಎದೆಯಲ್ಲಿ ತುಂಬಬಹುದು. ಪ್ರತಿ ಸಲ ಹೊಸ ಸೂಜಿ ಬಳಸಿ. ನಮ್ಮಲ್ಲಿ ಎಲ್ಲ ಡ್ರಿಪ್‌ಗೂ ‘ಗ್ಲೂಕೋಸ್’ ಅನ್ನೋ ರೂಢಿ ಇದೆ, ಮೆಡಿಕಲ್ ಶಾಪಿನಲ್ಲಿ ಹಾಗೆ ಕೇಳಬೇಡಿ. ಗ್ಲೂಕೋಸ್ ದ್ರವ ಚರ್ಮದಡಿಗೆ ಅಲ್ಲ. ಚೀಟಿ ತೋರಿಸಿ ತಗೊಳ್ಳಿ.