ನಡುವಿನ ಅಂಕಣ

ಜಪಾನಿನ ಮಕ್ಕಳು ಎರಡನೇ ತರಗತಿಯಲ್ಲಿ ಕಲಿಯುವ ಕಾಂಜಿ ಅಕ್ಷರವೊಂದಿದೆ. ಒಟ್ಟು 12 ಗೆರೆ. ಮೊದಲು ಎಡಗಡೆಯ ಕದ, ಆಮೇಲೆ ಬಲಗಡೆಯ ಕದ, ಕೊನೆಗೆ ಎರಡರ ನಡುವೆ ಪುಟ್ಟ ಸೂರ್ಯ. ಹಳೆಯ ಬರವಣಿಗೆಯಲ್ಲಿ ಅಲ್ಲಿ ಚಂದ್ರನಿದ್ದ: ರಾತ್ರಿ ಕದ ಮುಚ್ಚಿದ್ದರೂ ಸಂದಿಯಿಂದ ಬೆಳದಿಂಗಳು ಒಳಗೆ ಬಂದಂತೆ. ಸುಮಾರು 1,900 ವರ್ಷಗಳ ಹಿಂದೆ ಚೀನಾದ ನಿಘಂಟುಕಾರ ಶು ಶೆನ್ ಈ ಅಕ್ಷರಕ್ಕೆ ಕೊಟ್ಟ ಅರ್ಥವೂ ಅದೇ, ಸಂದು.

ಜಪಾನೀಯರು ಇದನ್ನು ಹಲವು ಬಗೆಯಲ್ಲಿ ಓದುತ್ತಾರೆ. ‘ಮ’ ಎಂದು ಓದಿದರೆ ಬಿಡುವು, ಕೋಣೆ. ‘ಅಯಿದ’ ಎಂದರೆ ನಡುವೆ. ಚೀನಾದಿಂದ ಬಂದ ಓದು ‘ಕನ್’ ಮತ್ತು ‘ಕೆನ್’. ಹೊತ್ತನ್ನು ಸೂಚಿಸುವ ಅಕ್ಷರದ ಪಕ್ಕ ಇದನ್ನಿಟ್ಟರೆ ‘ಜಿಕನ್’, ಅಂದರೆ ಕಾಲ. ಬರಿದನ್ನು ಸೂಚಿಸುವ ಅಕ್ಷರದ ಪಕ್ಕ ಇಟ್ಟರೆ ‘ಕೂಕನ್’, ಅಂದರೆ ದೇಶ. ನಾವು ಬೇರೆ ಬೇರೆ ಎಂದುಕೊಂಡ ಕಾಲ, ದೇಶಗಳೆರಡನ್ನೂ ಈ ಒಂದು ಸಂದು ಹಿಡಿದಿಟ್ಟಿದೆ.

ಇದರ ಬೆಲೆ ಬಲ್ಲವರು ರಕುಗೊ ಕಥೆಗಾರರು. ಮೆತ್ತೆಯ ಮೇಲೆ ಕೂತ ಒಬ್ಬನೇ ಮನುಷ್ಯ, ಕೈಯಲ್ಲೊಂದು ಬೀಸಣಿಗೆ, ಒಂದು ಕೈವಸ್ತ್ರ. ಮಾತು ಮುಗಿಸಿ ಒಂದು ಕ್ಷಣ ಸುಮ್ಮನಾಗುತ್ತಾನೆ. ನಗು ಹುಟ್ಟುವುದು ಆ ಮೌನದಲ್ಲಿ. ಅದು ತುಸು ಬೇಗ ಮುಗಿದರೂ, ತುಸು ಎಳೆದರೂ ಕಥೆ ಸಪ್ಪೆ. ತಾಳ ತಪ್ಪಿದವನನ್ನು, ಪೆದ್ದನನ್ನು ಜಪಾನಿಯಲ್ಲಿ ‘ಮನುಕೆ’ ಅನ್ನುತ್ತಾರೆ. ‘ಮ’ ಬಿಟ್ಟುಹೋದವನು ಎಂದು ಅದರ ಅರ್ಥ. ತಪ್ಪಿಗೆ ‘ಮಚಿಗೈ’ ಎಂದು ಹೆಸರು. ಬಿಡಿಸಿ ಬರೆದರೆ ‘ಮ’ ವ್ಯತ್ಯಾಸವಾದದ್ದು.

ಕಟ್ಟಡಕ್ಕೆ ಬಂದರೆ ಈ ಅಕ್ಷರ ನಮಗೆ ಇನ್ನಷ್ಟು ಹತ್ತಿರವಾಗುತ್ತದೆ. ಕ್ಯೋಟೊದಲ್ಲಿ ಸಂಜೂಸಂಗೆನ್‌ದೋ ಎಂಬ ಬೌದ್ಧ ಮಂದಿರವಿದೆ. ಈಗಿರುವುದು 1266ರಲ್ಲಿ ಮತ್ತೆ ಕಟ್ಟಿದ್ದು, ಉದ್ದ ಸುಮಾರು 120 ಮೀಟರ್. ಒಳಗೆ 1,001 ಕನ್ನೊನ್ ವಿಗ್ರಹಗಳು. ಕನ್ನೊನ್ ಎಂದರೆ ನಮ್ಮ ಅವಲೋಕಿತೇಶ್ವರನೇ. ಆದರೆ ಮಂದಿರದ ಹೆಸರು ಬಂದದ್ದು ವಿಗ್ರಹಗಳಿಂದಲೂ ಅಲ್ಲ, ಕಂಬಗಳಿಂದಲೂ ಅಲ್ಲ. ಕಂಬ ಕಂಬಗಳ ನಡುವಿನ ಜಾಗವನ್ನು ಎಣಿಸಿ ಹೆಸರಿಟ್ಟರು: ಮೂವತ್ತಮೂರು ‘ಕೆನ್’ಗಳ ಮಂದಿರ. ಈ ‘ಕೆನ್’ಗೆ ಕನ್ನಡದಲ್ಲಿ ಹೊಸ ಪದ ಹುಡುಕಬೇಕಿಲ್ಲ. ಮೂರಂಕಣದ ಮನೆ, ಐದಂಕಣದ ಮನೆ ಎಂದು ನಮ್ಮ ಹಿರಿಯರು ಹೇಳುವಾಗ ಎಣಿಸುತ್ತಿದ್ದದ್ದು ಇದನ್ನೇ. ಕಂಬ ನಿಲ್ಲಿಸುವುದು ಸೂರು ಹೊರಲಿಕ್ಕೆ. ಬದುಕು ನಡೆಯುವುದು ಅಂಕಣದಲ್ಲಿ. ಪತ್ರಿಕೆಯ ಪುಟದಲ್ಲಿ ಈ ಬರಹ ಕೂತಿರುವ ಜಾಗಕ್ಕೂ ನಾವು ಅದೇ ಹೆಸರು ಕೊಟ್ಟಿದ್ದೇವೆ.

ಈ ಅಕ್ಷರ ನನ್ನನ್ನು ಬಹಳ ಕಾಡುವುದು ‘ನಿಂಗೆನ್’ ಎಂಬ ಪದದಲ್ಲಿ. ಜನ ಎಂಬ ಅಕ್ಷರ, ಪಕ್ಕದಲ್ಲಿ ನಡುವೆ ಎಂಬ ಅಕ್ಷರ. ಮೊದಲಿಗೆ ಇದು ಮನುಷ್ಯಲೋಕದ ಹೆಸರಾಗಿತ್ತು, ಬೌದ್ಧ ಗ್ರಂಥಗಳೊಂದಿಗೆ ಜಪಾನಿಗೆ ಬಂತು. ಬರಬರುತ್ತ ಒಬ್ಬೊಬ್ಬ ಮನುಷ್ಯನಿಗೂ ಅದೇ ಹೆಸರಾಯಿತು. 1930ರ ದಶಕದಲ್ಲಿ ತತ್ವಜ್ಞಾನಿ ವಾತ್ಸುಜಿ ತೆತ್ಸುರೋ ತಮ್ಮ ನೀತಿಶಾಸ್ತ್ರವನ್ನು ಈ ಪದದ ಮೇಲೆಯೇ ಕಟ್ಟಿದರು: ಮನುಷ್ಯ ಒಂಟಿ ಜೀವಿಯಲ್ಲ, ಅವನಿರುವುದು ಇನ್ನೊಬ್ಬರ ಜೊತೆಗಿನ ನಡುವಿನಲ್ಲಿ. ಸಮಾಜಕ್ಕೆ ಜಪಾನೀಯರು ಹೇಳುವ ‘ಸೆಕೆನ್’ ಪದದಲ್ಲೂ ಇದೇ ಅಕ್ಷರವಿದೆ. ಸಂಸ್ಕೃತದ ‘ಲೋಕ’ ಶಬ್ದಕ್ಕೆ ಚೀನಾದ ಬೌದ್ಧ ಅನುವಾದಕರು ಬಳಸಿದ ಪದ ಅದು. ನಾಲ್ಕು ಜನ ಏನಂದಾರು ಎಂಬ ನಮ್ಮ ಅಳುಕು ಜಪಾನಿನ ಮನೆಗಳಲ್ಲೂ ಇದೆ, ‘ಸೆಕೆನ್’ ಎಂಬ ಹೆಸರಲ್ಲಿ.

ಸಂಬಂಧ ಕೆಟ್ಟಾಗ ನಾವು ತಪ್ಪನ್ನು ಎದುರಿನವರಲ್ಲಿ ಹುಡುಕುತ್ತೇವೆ, ಇಲ್ಲವೇ ನಮ್ಮಲ್ಲೇ ಹುಡುಕಿ ನವೆಯುತ್ತೇವೆ. ಇಬ್ಬರ ನಡುವಿನ ಜಾಗವನ್ನು ನೋಡುವವರು ಕಡಿಮೆ. ಅದು ತೀರ ಕಿರಿದಾಗಿ ಉಸಿರು ಕಟ್ಟಿರಬಹುದು, ತೀರ ಅಗಲವಾಗಿ ದನಿ ಕೇಳದೆ ಹೋಗಿರಬಹುದು. ಕಂಬಗಳು ಎಷ್ಟೇ ಗಟ್ಟಿಯಿದ್ದರೂ ಅಂಕಣ ಸರಿಯಿಲ್ಲದ ಮನೆಯಲ್ಲಿ ಬಾಳುವುದು ಕಷ್ಟ. ಮಾತು ಬಿಟ್ಟವರೊಬ್ಬರು ನಿಮಗಿದ್ದರೆ, ತಪ್ಪು ಯಾರದು ಎಂದು ಕೇಳುವ ಮುನ್ನ ಆ ಅಂಕಣವನ್ನೊಮ್ಮೆ ಅಳೆದು ನೋಡಿ.