ಗುಂಡಿ ಒತ್ತಿದ ಮೇಲಿನ ಆ ಒಂದು ಕ್ಷಣ



ತರಗತಿಯಲ್ಲಿ ಪ್ರಶ್ನೆ ಕೇಳಿದೊಡನೆ ನೀವೆಲ್ಲ ಒಟ್ಟಿಗೇ ಕೂಗುತ್ತಿದ್ದುದೂ, "ಕೈ ಎತ್ತಿ, ಒಬ್ಬೊಬ್ಬರೇ ಹೇಳಿ" ಎಂದು ನಾನು ಗದರುತ್ತಿದ್ದುದೂ ನಿಮಗೆ ನೆನಪಿರಬಹುದು. ಅದೇ ಶಿಸ್ತನ್ನು ಯಂತ್ರಕ್ಕೆ ಕಲಿಸಿದರೆ ಅದು ವಾಕಿ-ಟಾಕಿ. ಗುಂಡಿ ಒತ್ತಿದವರು ಮಾತನಾಡುತ್ತಾರೆ, ಉಳಿದವರು ಆಲಿಸುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಬೆನ್ನಿಗೆ ಹೊತ್ತ ಎಸ್‌ಸಿಆರ್-300 ರೇಡಿಯೊ ಈ ಬಗೆಯದೇ. ಅದರ ಮಾತು ತಕ್ಷಣ ತಲುಪುತ್ತಿತ್ತು, ಆದರೆ ಕೆಲವೇ ಮೈಲಿಗಳವರೆಗೆ. ಇದನ್ನು ಮೊಬೈಲ್ ಜಾಲಕ್ಕೆ ತಂದಾಗ ದೂರದ ಮಿತಿ ಅಳಿಯಿತು. ಆದರೆ ಕೈಯಲ್ಲಿದ್ದ 'ತಕ್ಷಣ' ಎಂಬುದು ಜಾರಿಹೋಯಿತು. ಅದನ್ನು ಮರಳಿ ಪಡೆದ ಇತಿಹಾಸವೇ ಇಂದಿನ ನನ್ನ ವಿಷಯ.

ಪುಷ್-ಟು-ಟಾಕ್ ಸೇವೆಯ ಗುಣವನ್ನು ಅಳೆಯುವಾಗ ಮುಖ್ಯವಾಗಿ ಎರಡು ಕಾಲಾವಧಿಗಳನ್ನು ನೋಡುತ್ತಾರೆ. ಗುಂಡಿ ಒತ್ತಿದ ಮೇಲೆ ಮಾತನಾಡಲು ಅನುಮತಿ ದೊರೆಯುವವರೆಗಿನ ಕಾಲ ಒಂದು. ಆಡಿದ ಮಾತು ಇನ್ನೊಬ್ಬರ ಕಿವಿಗೆ ಬೀಳುವವರೆಗಿನ ಕಾಲ ಇನ್ನೊಂದು.

1990ರ ದಶಕದಲ್ಲಿ ಮೊಟೊರೊಲಾ ಕಂಪನಿಯು ಐಡೆನ್ ಎಂಬ ಜಾಲವನ್ನು ರೂಪಿಸಿತು. ಅಮೆರಿಕದ ನೆಕ್ಸ್‌ಟೆಲ್ ಸಂಸ್ಥೆ ಇದರ ಮೇಲೆ 'ಡೈರೆಕ್ಟ್ ಕನೆಕ್ಟ್' ಸೇವೆಯನ್ನು ನೀಡಿತು. ಗುಂಡಿ ಒತ್ತಿದರೆ ಸುಮಾರು ಒಂದು ಸೆಕೆಂಡಿನಲ್ಲಿ ಸಂಪರ್ಕ ದೊರೆಯುತ್ತಿತ್ತು. ಗುಂಪಿನ ಮಾತುಕತೆಯನ್ನು ಐಡೆನ್ ಆರಂಭದಿಂದಲೇ ತನ್ನ ಮುಖ್ಯ ಕೆಲಸವೆಂದು ಭಾವಿಸಿ, ಅದಕ್ಕೆಂದೇ ಪ್ರತ್ಯೇಕ ಗಣಕವನ್ನು ಇರಿಸಿಕೊಂಡಿತ್ತು. ಕಟ್ಟಡ ಕಾರ್ಮಿಕರೂ ಲಾರಿ ಚಾಲಕರೂ ಇದಕ್ಕೆ ಮಾರುಹೋದರು.

ಈ ಯಶಸ್ಸನ್ನು ಕಂಡ ಇತರ ಕಂಪನಿಗಳು ತಮ್ಮ ಸಾಮಾನ್ಯ ಜಾಲಗಳ ಮೇಲೆಯೇ ಇದನ್ನು ಕೂರಿಸಲು ಹೊರಟವು. ವೆರೈಜನ್ ಕಂಪನಿ 2003ರ ಆಗಸ್ಟ್‌ನಲ್ಲಿ ಸಿಡಿಎಂಎ ಜಾಲದಲ್ಲಿ ಸೇವೆಯನ್ನು ಆರಂಭಿಸಿತು. ಜಿಎಸ್‌ಎಂ ಜಾಲಗಳಲ್ಲಿ ಜಿಪಿಆರ್‌ಎಸ್ ಮೂಲಕ ಇದನ್ನು ಸಾಧಿಸುವ ಯತ್ನ ನಡೆಯಿತು. ಆದರೆ ಗುಂಡಿ ಒತ್ತಿದವರು ಕೆಲವು ಸೆಕೆಂಡು ಕಾಯಬೇಕಾಗುತ್ತಿತ್ತು. ಏಕೆ? ಬ್ಯಾಟರಿ ಉಳಿಸಲೆಂದು ಬಿಡುವಿನಲ್ಲಿರುವ ಫೋನ್ ನಿದ್ರಿಸುತ್ತದೆ. ತನಗೆ ಕರೆ ಇದೆಯೇ ಎಂದು ಆಗಾಗ ಮಾತ್ರ ಕಣ್ಣು ತೆರೆದು ನೋಡುತ್ತದೆ. ಸಿಡಿಎಂಎ ಫೋನ್‌ಗಳಲ್ಲಿ ಈ ಅವಧಿ ಜಾಲದ ಹೊಂದಾಣಿಕೆಗೆ ತಕ್ಕಂತೆ 1.28, 2.56 ಅಥವಾ 5.12 ಸೆಕೆಂಡು. ಎಚ್ಚರಗೊಂಡ ಮೇಲೂ ದತ್ತಾಂಶಕ್ಕೆ ರೇಡಿಯೊ ದಾರಿಯನ್ನು ಹೊಸದಾಗಿ ಪಡೆಯಬೇಕು. ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವನನ್ನು ಎಬ್ಬಿಸಿ ಪ್ರಶ್ನೆ ಕೇಳಿದಂತೆ!

ಸ್ಪ್ರಿಂಟ್ ಮತ್ತು ನೆಕ್ಸ್‌ಟೆಲ್ 2005ರಲ್ಲಿ ವಿಲೀನಗೊಂಡವು. 2008ರಲ್ಲಿ ಕ್ವಾಲ್‌ಕಾಮ್‌ನ ಕ್ಯೂಚಾಟ್ ತಂತ್ರಜ್ಞಾನ ಸುಧಾರಿತ ಸಿಡಿಎಂಎ ಜಾಲದಲ್ಲಿ ಈ ವಿಳಂಬವನ್ನು ಬಹುಮಟ್ಟಿಗೆ ತಗ್ಗಿಸಿತು. 2013ರ ಜೂನ್ 30ರಂದು ಸ್ಪ್ರಿಂಟ್ ತನ್ನ ಐಡೆನ್ ಜಾಲವನ್ನು ಮುಚ್ಚಿತು.

ಒಂದೆರಡು ಸೆಕೆಂಡಿಗೆ ಇಷ್ಟು ಚರ್ಚೆಯೇ ಎಂದು ನೀವು ಕೇಳಬಹುದು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ದಕ್ಷಿಣ ಗೋಪುರ ಬೆಳಗ್ಗೆ 9:59ಕ್ಕೆ ಕುಸಿಯಿತು. ಕೂಡಲೇ ಉತ್ತರ ಗೋಪುರದಲ್ಲಿದ್ದ ಅಗ್ನಿಶಾಮಕರಿಗೆ ಹೊರಬರುವಂತೆ ರೇಡಿಯೊ ಆದೇಶ ಹೋಯಿತು. ಅನೇಕರಿಗೆ ಅದು ಕೇಳಿಸಲಿಲ್ಲ. 10:28ಕ್ಕೆ ಆ ಗೋಪುರವೂ ಉರುಳಿತು. ಅಂದು ಮಡಿದ ನಗರದ ಅಗ್ನಿಶಾಮಕರು 343 ಮಂದಿ. ಅವರ ಕೈಯಲ್ಲಿದ್ದುದು ಮೊಬೈಲ್ ಅಲ್ಲ, ಸಾಮಾನ್ಯ ರೇಡಿಯೊ. ಕೊರತೆಯೂ ಬೇರೆ ಬಗೆಯದು. ಆದರೆ ಆಡಿದ ಮಾತು ಸಕಾಲಕ್ಕೆ ತಲುಪದಿದ್ದರೆ ಏನಾಗುತ್ತದೆಂಬುದನ್ನು ಜಗತ್ತು ಅಂದು ಕಂಡಿತು. ರಕ್ಷಣಾ ಸಿಬ್ಬಂದಿಗೆಂದೇ ಜಾಲವೊಂದು ಬೇಕೆಂಬ ಕೂಗು ಬಲಗೊಂಡು, 2012ರಲ್ಲಿ ಅಮೆರಿಕದ ಕಾನೂನು ಫಸ್ಟ್‌ನೆಟ್ ಎಂಬ ಪ್ರಾಧಿಕಾರವನ್ನು ಸ್ಥಾಪಿಸಿತು.

4ಜಿ ಜಾಲಗಳಿಗಾಗಿ 3ಜಿಪಿಪಿ ಎಂಬ ಅಂತರರಾಷ್ಟ್ರೀಯ ಸಂಘಟನೆ 2016ರಲ್ಲಿ ಪೂರ್ಣಗೊಳಿಸಿದ ಮಾನದಂಡ ಈ ವಿಷಯದಲ್ಲಿ ಕಟ್ಟುನಿಟ್ಟಾಗಿದೆ. ನೂರರಲ್ಲಿ 95 ಬಾರಿ ಅನುಮತಿ 300 ಮಿಲಿಸೆಕೆಂಡಿನೊಳಗೆ, ಅಂದರೆ ಸೆಕೆಂಡಿನ ಮೂರನೆಯ ಒಂದು ಭಾಗಕ್ಕಿಂತ ಬೇಗ, ದೊರೆಯಬೇಕು. ಬಾಯಿಂದ ಕಿವಿಗೆ ಮಾತು ತಲುಪಲು ಕೂಡ ಅಷ್ಟೇ ಕಾಲ. ಜಾಲದಲ್ಲಿ ಜನಸಂದಣಿಯಿದ್ದರೆ ಇತರರ ಕರೆಗಳನ್ನು ಹಿಂದಕ್ಕೆ ಸರಿಸಿ ರಕ್ಷಣಾ ಸಿಬ್ಬಂದಿಗೆ ದಾರಿ ಬಿಡುವ ಏರ್ಪಾಡೂ ಉಂಟು. ಯುರೋಪಿನಲ್ಲಿ ಪೊಲೀಸರಿಗೆಂದು ಬೆಳೆದ ಟೆಟ್ರಾ ರೇಡಿಯೊ ಬಹು ಹಿಂದೆಯೇ ಈ ವೇಗವನ್ನು ಸಾಧಿಸಿತ್ತು ಎಂಬುದನ್ನೂ ಮರೆಯಬಾರದು.

ಒಂದು ಮಾತು ಹೇಳಿ ಮುಗಿಸುತ್ತೇನೆ. ಆ ಮಾನದಂಡದ ಅಂಕಿಗಳು ಅನ್ವಯಿಸುವುದು ಜಾಲದ ಹೊರೆ ಅದರ ಸಾಮರ್ಥ್ಯದ ಶೇಕಡಾ 70ನ್ನು ಮೀರದಿದ್ದಾಗ. ಆದರೆ ಅನಾಹುತದ ದಿನವೇ ಎಲ್ಲರೂ ಫೋನ್ ಕೈಗೆತ್ತಿಕೊಳ್ಳುವುದು. ಶಾಂತ ದಿನದ ವೇಗವನ್ನು ನೋಡಿ ಜಾಲವನ್ನು ಮೆಚ್ಚುವುದೆಂದರೆ, ಕಿರುಪರೀಕ್ಷೆಯ ಅಂಕ ನೋಡಿ ವಿದ್ಯಾರ್ಥಿಯನ್ನು ಅಳೆದಂತೆ. ನಿಮ್ಮಲ್ಲಿ ಹಲವರು ಇಂದು ಎಂಜಿನಿಯರುಗಳು. ಏನನ್ನಾದರೂ ಪರೀಕ್ಷಿಸುವಾಗ ಅತ್ಯಂತ ಕಠಿಣ ದಿನವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಹಳೆಯ ಮೇಷ್ಟ್ರ ಕೋರಿಕೆ ಇಷ್ಟೇ.